ರಸ್ತೆ ಮೇಲೇರಿತು, ನಮ್ಮ ಗೋಡೆ ಗಿಡ್ಡವಾಯಿತು: ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ ನಮಸ್ಕಾರ.

ಮಂಗಳೂರಿನ ಬಿಕರ್ನಕಟ್ಟೆಯ ಒಳರಸ್ತೆಯಲ್ಲಿರುವ ನಮ್ಮ ಮನೆಯ ಕಂಪೌಂಡ್ ಗೋಡೆಯ ಒಳಬದಿಗೆ ಒಂದು ಮರೆ ಕಟ್ಟಿಕೊಳ್ಳಲು ಅನುಮತಿ ಬೇಕಾಗಿದೆ. ರಸ್ತೆ ಮಟ್ಟದಿಂದ ಅಳೆದರೆ ಒಟ್ಟು 7 ಅಡಿ ಎತ್ತರ ಬರುತ್ತದೆ. ಅರ್ಜಿ ಬೇರೆಯಾಗಿ ಕೊಡುತ್ತೇನೆ. ಇದೇ ತೊಂದರೆ ಊರಿನ ಎಷ್ಟೋ ಮನೆಗಳಿಗಿದೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಹಂಚಿನ ಮನೆ, ಕೆಂಪುಕಲ್ಲಿನ ಗೋಡೆ. ಅಂಗಳದಲ್ಲಿ ನಿಂತು ಅಳೆದರೆ ಈಗಲೂ 5 ಅಡಿ ಇದೆ. ಆದರೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಆಮೇಲೆ ಕಾಂಕ್ರೀಟ್ ಬಂದು, ರಸ್ತೆ ಕಡೆಯಿಂದ ಅದೇ ಗೋಡೆ ಎರಡೂವರೆ ಅಡಿ ಆಗಿದೆ. ರಸ್ತೆ ಒಳ್ಳೆಯದಾಯಿತು, ಮಳೆಗಾಲದಲ್ಲಿ ಗುಂಡಿ ಇಲ್ಲ, ಅದಕ್ಕೆ ಖುಷಿಯೇ ಇದೆ. ಆದರೆ ನಮ್ಮ ಅಂಗಳ, ಬಾವಿಕಟ್ಟೆ, ಬಟ್ಟೆ ಒಣಗಿಸುವ ಜಾಗ ಎಲ್ಲ ಈಗ ದಾರಿಯವರ ಕಾಲ ಬುಡದಲ್ಲಿದೆ.

ಅಮ್ಮ ಬೆಳಗ್ಗೆ ಬಾವಿಕಟ್ಟೆಯ ಪಕ್ಕ ಬಿಸಿಲಿಗೆ ಕೂತು, ಸೀರೆ ಸ್ವಲ್ಪ ಮೇಲೆತ್ತಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಈಗ ಅಲ್ಲಿ ಕೂರುವುದೇ ಇಲ್ಲ. ಆಟೋಗೆ ಕಾಯುವವರು ಗೋಡೆಯ ಮೇಲೆ ಕೈಯೂರಿ ನಿಲ್ಲುತ್ತಾರೆ, ಫೋನಲ್ಲಿ ಮಾತಾಡುತ್ತಾ ಕೆಳಗೆ ನೋಡುತ್ತಾರೆ. ಅವರೇನೂ ಕೆಟ್ಟವರಲ್ಲ. ನಿಂತ ಕಡೆಯಿಂದ ಕಾಣುತ್ತದೆ, ಕಣ್ಣು ಹೋಗುತ್ತದೆ, ಅಷ್ಟೆ. ಅಮ್ಮ ಮಾತ್ರ ಒಳಗಿನ ಕತ್ತಲೆ ಕೋಣೆಯಲ್ಲಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಸ್ವಂತ ಅಂಗಳದಲ್ಲಿ ಕೂರಲು ಮುಜುಗರ ಪಡಬೇಕು ಅಂದ್ರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

'ಇನ್ನು ನಾಲ್ಕು ಸಾಲು ಕಲ್ಲು ಕಟ್ಟಿಬಿಡಿ' ಅಂತ ಹೇಳಿದವರಿದ್ದಾರೆ. ಅದು ನನಗೆ ಬೇಡ. ರಸ್ತೆ ಎತ್ತರವಾದ ಮೇಲೆ ಈ ಗೋಡೆ ಆ ಕಡೆಯ ಮಣ್ಣನ್ನೂ ತಡೆದು ನಿಂತಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ನೆನೆದ ಮಣ್ಣು ಬುಡವನ್ನು ದೂಡುತ್ತಿರುವಾಗ ಮೇಲೆ ಇನ್ನಷ್ಟು ಭಾರ ಹೇರಿದರೆ ಏನಾಗಬಹುದು? 2024ರ ಜೂನ್‌ನಲ್ಲಿ ಉಳ್ಳಾಲದ ಬಳಿ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಕಂಪೌಂಡ್ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಅದನ್ನು ಮರೆತು ಗೋಡೆ ಏರಿಸುವ ಧೈರ್ಯ ನನಗಿಲ್ಲ.

ನಾನು ಕೇಳುತ್ತಿರುವುದು ಹಗುರವಾದ ಮರೆ. ಗೋಡೆಗೆ ತಾಗದ ಹಾಗೆ, ನಮ್ಮ ಜಾಗದ ಒಳಗೇ ಬೇರೆ ಗುಂಡಿ ತೆಗೆದು ಕಬ್ಬಿಣದ ಪೈಪು ನಿಲ್ಲಿಸುವುದು. ಅದಕ್ಕೆ ಅಡ್ಡಡ್ಡ ಪಟ್ಟಿ, ಓರೆಯಾಗಿ, ಹೊರಗಿನ ಅಂಚು ಕೆಳಗೆ ಬರುವ ಹಾಗೆ. ಹಳೆಯ ಮನೆಗಳ ಕಿಟಕಿಗೆ ಮರದ ಪಟ್ಟಿ ಹೀಗೇ ಇರುತ್ತಿತ್ತು, ಅಲ್ವಾ? ಮೇಲಿನಿಂದ ನೋಡುವವರಿಗೆ ಒಳಗಿನದು ಕಾಣುವುದಿಲ್ಲ, ಗಾಳಿ ಮಾತ್ರ ಓಡಾಡುತ್ತದೆ, ಮಳೆನೀರು ಹೊರಗೆ ಜಾರುತ್ತದೆ. ತಗಡಿನ ಶೀಟು ಕಟ್ಟಿದರೆ ಜೂನಿನ ಮೊದಲ ಗಾಳಿಗೇ ಕಿತ್ತು ಯಾರದ್ದಾದರೂ ತಲೆ ಮೇಲೆ ಬೀಳಬಹುದು. ಹಸಿರು ನೆಟ್ ಒಂದು ಮಳೆಗಾಲಕ್ಕೆ ಹರಿದುಹೋಗುತ್ತದೆ. ಪಕ್ಕದ ಮನೆಯವರು ಕೇಳಿದ್ದೂ ಒಂದೇ ಮಾತು: 'ನಮ್ಮ ಗಾಳಿ ನಿಲ್ಲಬಾರದು ಮಾರಾಯ್ತಿ.' ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿದ್ದಾರೆ.

ನಿಯಮದ ಮಾತಿಗೆ ಬರುತ್ತೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಂಪೌಂಡ್ ಗೋಡೆ ಮುಂದಿನ ರಸ್ತೆಯ ಮಧ್ಯಭಾಗದ ಮಟ್ಟದಿಂದ 1.5 ಮೀಟರ್ ಇರಬಹುದು. ಮೇಲಿನ 0.9 ಮೀಟರ್ ತೆರೆದ ವಿನ್ಯಾಸದ್ದಾಗಿದ್ದರೆ 2.4 ಮೀಟರ್ ತನಕ ಬಿಡಬಹುದು. ಅದಕ್ಕಿಂತ ಬೇರೆಯದಕ್ಕೆ ವಿಶೇಷ ಅನುಮತಿಯ ದಾರಿಯೂ ಅದರಲ್ಲಿದೆ. ಅಳತೆ ರಸ್ತೆಯಿಂದ ಶುರು ಆಗುತ್ತದೆ, ನಮ್ಮ ಅಂಗಳದಿಂದಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. 7 ಅಡಿ ಅಂದರೆ 2.4 ಮೀಟರಿನ ಒಳಗೇ ಆಯಿತು. ಓರೆ ಪಟ್ಟಿಯ ಮರೆಯಲ್ಲಿ ಗಾಳಿ ಆಡುತ್ತದೆ, ನೋಟ ಆಡುವುದಿಲ್ಲ. ಅದನ್ನು 'ತೆರೆದ ವಿನ್ಯಾಸ' ಎಂದು ಒಪ್ಪಬೇಕೆಂಬುದೇ ನನ್ನ ಮುಖ್ಯ ಬೇಡಿಕೆ.

ನಮ್ಮದು ಮೂಲೆ ಜಾಗ. ತಿರುವಿನಲ್ಲಿ ಗಾಡಿಯವರಿಗೆ ಎದುರಿನದು ಕಾಣಬೇಕು. ಹಾಗಾಗಿ ಆ ಕಡೆ 10 ಮೀಟರ್ ಉದ್ದಕ್ಕೆ ಗೋಡೆ ಈಗಿರುವಷ್ಟೇ ಇರುತ್ತದೆ. ಅಲ್ಲಿ ಬೆಳೆದಿರುವ ದಾಸವಾಳವನ್ನೂ ಗಿಡ್ಡ ಮಾಡುತ್ತೇವೆ.

ಇನ್ನೊಂದು ಕೋರಿಕೆ ಎಲ್ಲರ ಪರವಾಗಿ. ಗುಡ್ಡ, ತಗ್ಗು ಇರುವ ಈ ಊರಲ್ಲಿ ರಸ್ತೆ ಏರಿದಲ್ಲೆಲ್ಲ ಕೆಳಗಿನ ಮನೆಗಳ ಮರೆ ಹೋಗುತ್ತದೆ. ಇಂಥ ಹಗುರ ಮರೆಗೆ ಒಂದು ಮಾದರಿ ನಕ್ಷೆ, ಎಂಜಿನಿಯರರ ಒಂದು ಪರಿಶೀಲನೆ, ಸಣ್ಣ ಶುಲ್ಕ ಅಂತ ನೀವು ಗೊತ್ತುಮಾಡಿದರೆ ಜನ ಸುಮ್ನೆ ಕಲ್ಲಿನ ಮೇಲೆ ಕಲ್ಲು ಏರಿಸುವುದು ಕಡಿಮೆಯಾದೀತು. ರಸ್ತೆ ಕೆಲಸದ ಅಂದಾಜು ಮಾಡುವಾಗಲೇ ಪಕ್ಕದ ಗೋಡೆಗಳ ಎತ್ತರ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಮಳೆ ಹಿಡಿದ ಮೇಲೆ ಗುಂಡಿ ತೋಡಲು ಆಗುವುದಿಲ್ಲ. ಮೇ ತಿಂಗಳೊಳಗೆ ನಿಮ್ಮ ಎಂಜಿನಿಯರರನ್ನು ಒಮ್ಮೆ ಕಳುಹಿಸಿಕೊಡಿ. ಅವರು ರಸ್ತೆಯಲ್ಲೂ ನಿಂತು ಅಳೆಯಲಿ, ಅಂಗಳಕ್ಕೂ ಇಳಿದು ನೋಡಲಿ.

ಇಂತಿ,
ಬಿಕರ್ನಕಟ್ಟೆಯ ನಿವಾಸಿ