ಮಳೆಗಾಲದ ಆಟ, ಕಲಿಕೆ: ಅಪ್ಪ-ಅಮ್ಮಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿರೋದರಿಂದ ಸೋಮವಾರದಿಂದ ಬೆಳಗಿನ ಆಟ ಜಗಲಿಯಲ್ಲಿ.

ಈ ವಾರ ನೀರು ಸುರಿಯುವ ಆಟ. ಮನೆಯಲ್ಲೂ ಮಾಡಿಸಿ: ಎರಡು ಸಣ್ಣ ಸ್ಟೀಲ್ ಲೋಟ, ಒಂದು ತಟ್ಟೆ, ಕೆಳಗೊಂದು ಹಳೆ ಪಂಚೆ ಸಾಕು. ನೀರು ಅರ್ಧ ಲೋಟ ಮಾತ್ರ. ತುಂಬಿ ಕೊಟ್ಟರೆ ಭಾರಕ್ಕೆ ಮಣಿಕಟ್ಟು ಅಲ್ಲಾಡಿ ಚೆಲ್ಲುತ್ತೆ, ಮಗು ಬೇಸತ್ತು ಬಿಡುತ್ತೆ. ಒಮ್ಮೆ ನಿಧಾನಕ್ಕೆ ಸುರಿದು ತೋರಿಸಿ, ಆಮೇಲೆ ಕೈ ಹಾಕಬೇಡಿ. ಚೆಲ್ಲಿದ್ದನ್ನು ಮಗುವೇ ಒರೆಸಲಿ. ಬಟ್ಟೆ ಹಿಂಡೋದೂ ಬೆರಳಿಗೆ ಒಳ್ಳೆ ಕೆಲಸ. ಆದರೆ ನೀರಿನ ಹತ್ತಿರ ಒಂಟಿಯಾಗಿ ಬಿಡಲೇಬೇಡಿ, ಬಕೆಟ್‌ನಲ್ಲಿ 2 ಇಂಚು ನೀರಿದ್ದರೂ ಅಪಾಯ.

3 ವರ್ಷದೊಳಗಿನವರಿಗೆ ಹುಣಸೆ ಬೀಜ, ಗೋಟಡಿಕೆ, ಕಡಲೆಕಾಳು ಎಣಿಸಲು ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಮೂಗಿಗೆ ಹೋದ ಕಾಳು ತೇವಕ್ಕೆ ಉಬ್ಬಿ ತೆಗೆಯೋದು ಕಷ್ಟ. ಬದಲಿಗೆ ಹಲಸಿನ ಎಲೆ, ಅಡಿಕೆ ಹಾಳೆಯ ತುಂಡುಗಳನ್ನು ದೊಡ್ಡದು-ಚಿಕ್ಕದು ಅಂತ ಬೇರೆ ಮಾಡಲಿ.

ಅ, ಆ ಯಾವಾಗ ಬರೆಸ್ತೀರಿ ಅಂತ ಕೇಳಿದ್ದೀರಿ. ಈಗಲೇ ಬೇಡ. ಹಿಟ್ಟು ನಾದಿ, ಉಂಡೆ ಕಟ್ಟಿ ಬೆರಳು ಗಟ್ಟಿಯಾಗಲಿ. ಅವಸರಪಟ್ಟರೆ ಬಳಪವನ್ನು ಮುಷ್ಟಿಯಲ್ಲಿ ಹಿಡಿಯೋದೇ ರೂಢಿಯಾಗುತ್ತೆ, ತಿದ್ದೋದು ಕಷ್ಟ.

ಚೀಲದಲ್ಲಿ 2 ಜೊತೆ ಒಣ ಬಟ್ಟೆ ಮರೆಯಬೇಡಿ.