ದಂಡನಾಯಕ ಯಾರ ಮುಂದೆ ಮಂಡಿಯೂರುತ್ತಾನೆ?

ಪ್ರೀತಿಯ ತಮ್ಮ,

ನಿನ್ನ ಕಾಮಿಕ್ಸ್ ಕಥೆಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ನಾಯಕಿಯ ಬಗ್ಗೆ ನನ್ನ ತಕರಾರಿಲ್ಲ. ತೊಡಕಿರುವುದು ನಿನ್ನ ದಂಡನಾಯಕನಲ್ಲಿ. ಹನ್ನೆರಡು ಗ್ಯಾಲಕ್ಸಿಗಳನ್ನು ಗೆದ್ದವನು, ಲಕ್ಷ ನೌಕೆಗಳ ಒಡೆಯ, ಬೆಂಕಿಯುಗುಳುವ ಕೊಡಲಿ ಹಿಡಿದವನು ಎಂದು ಆರು ಪುಟಗಳನ್ನು ಅವನಿಗೇ ಸುರಿದಿದ್ದೀಯೆ. ಓದಿ ಕೆಳಗಿಟ್ಟಾಗ ಕೊಡಲಿ ನೆನಪಿತ್ತು, ಹಿಡಿದವನ ಮುಖ ನೆನಪಿರಲಿಲ್ಲ.

ಬೇಸರಪಡಬೇಡ. ನಾನೂ ಬರೆಯಲು ಶುರು ಮಾಡಿದಾಗ ಇಂಥದೇ ಒಬ್ಬ ಸೇನಾಪತಿಯನ್ನು ಸೃಷ್ಟಿಸಿದ್ದೆ. ಪ್ರತಿ ಚೌಕಟ್ಟಿನಲ್ಲೂ ಗಹಗಹಿಸಿ ನಗುವುದೇ ಅವನ ಉದ್ಯೋಗ. ಸಂಪಾದಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ಹಿಂತಿರುಗಿಸಿದ್ದರು: ‘ಇವನಿಗೆ ಸಂಬಳ ಕೊಡುವವರು ಯಾರು?’ ಸಿಟ್ಟು ಬಂದಿತ್ತು. ಆ ಪ್ರಶ್ನೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಅಮೆರಿಕದ ಡಿಸಿ ಕಾಮಿಕ್ಸ್‌ನ ಖಳ ಸ್ಟೆಪನ್‌ವುಲ್ಫ್‌ನನ್ನೇ ನೋಡು. ಅಪೊಕೊಲಿಪ್ಸ್ ಲೋಕದ ಸೇನೆಯನ್ನು ನಡೆಸುವವನು, ಆ ಲೋಕದ ಒಡೆಯ ಡಾರ್ಕ್‌ಸೈಡ್‌ನ ಕೈಕೆಳಗಿನವನು. ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಅವನನ್ನು ಮೊದಲ ಬಾರಿಗೆ ತೋರಿಸಿದ್ದು 1972ರಲ್ಲಿ, ‘ನ್ಯೂ ಗಾಡ್ಸ್’ನ 7ನೇ ಸಂಚಿಕೆಯಲ್ಲಿ. ಇಂಗ್ಲಿಷಿನಲ್ಲಿ ಅವನು ಡಾರ್ಕ್‌ಸೈಡ್‌ನ ‘ಅಂಕಲ್’, ಅಷ್ಟೇ. ನಮ್ಮ ಭಾಷೆ ಅಷ್ಟಕ್ಕೆ ಬಿಡುವುದಿಲ್ಲ. ಯಾವ ಅಂಕಲ್? ತಾಯಿ ಹೆಗ್ರಾಳ ತಮ್ಮ, ಅಂದರೆ ಸೋದರಮಾವ. ಆ ಪದ ಬಿದ್ದ ತಕ್ಷಣ ನಮ್ಮ ಓದುಗ ಶಕುನಿಯನ್ನು ನೆನೆಯುತ್ತಾನೆ. ಆದರೆ ಇಲ್ಲಿ ದಾಳ ಇರುವುದು ಅಳಿಯನ ಕೈಯಲ್ಲಿ.

ಇನ್ನೊಂದು ಲೋಕವಾದ ನ್ಯೂ ಜೆನೆಸಿಸ್‌ಗೆ ಬೇಟೆಗೆ ಹೋಗೋಣವೆಂದು ಮಾವನಿಗೆ ಆಸೆ ಹುಟ್ಟಿಸುವವನು ಅಳಿಯನೇ. ಅಲ್ಲಿ ಆ ಲೋಕದ ಯೋಧ ಐಝಾಯಾ ಮತ್ತು ಅವನ ಹೆಂಡತಿ ಏವಿಯಾ ತಮ್ಮ ಪಾಡಿಗೆ ಇರುತ್ತಾರೆ. ಸ್ಟೆಪನ್‌ವುಲ್ಫ್‌ಗೆ ಅದು ಬರೀ ಮೋಜು. ಏವಿಯಾ ಸಾಯುತ್ತಾಳೆ, ಸತ್ತನೆಂದು ಬಿಟ್ಟುಹೋದ ಐಝಾಯಾ ಬದುಕಿಕೊಳ್ಳುತ್ತಾನೆ, ಎರಡು ಲೋಕಗಳ ನಡುವೆ ಯುದ್ಧ ಹತ್ತಿಕೊಳ್ಳುತ್ತದೆ. ಅದೇ ಸಂಚಿಕೆ ಮುಗಿಯುವ ಮೊದಲೇ ಐಝಾಯಾನ ಕೈಯಲ್ಲಿ ಮಾವನೂ ಹೆಣವಾಗುತ್ತಾನೆ. ಯುದ್ಧದ ಲಾಭವೆಲ್ಲ ಅಳಿಯನಿಗೆ. ಇಡೀ ಬ್ರಹ್ಮಾಂಡವನ್ನು ನಡುಗಿಸುವ ದಂಡನಾಯಕನಿಗೆ ತಾನು ಯಾರ ಆಟದ ಕಾಯಿ ಎಂಬುದೇ ತಿಳಿದಿಲ್ಲ. ಕರ್ಬಿ 1944ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಕಾಲಾಳು ಸಿಪಾಯಿಯಾಗಿದ್ದವನು. ಚಿತ್ರ ಬಿಡಿಸಲು ಬರುತ್ತದೆಂದು ತಿಳಿದ ಅಧಿಕಾರಿ, ಶತ್ರುವಿನ ನೆಲೆಗಳನ್ನು ಗುರುತುಮಾಡಿ ತರಲು ಅವನನ್ನೇ ಪಡೆಗಿಂತ ಮುಂದೆ ಕಳುಹಿಸುತ್ತಿದ್ದನಂತೆ. ಮೇಲಿನವರ ಒಂದು ಮಾತಿಗೆ ಕೆಳಗೆ ಏನಾಗುತ್ತದೆ ಎಂಬುದನ್ನು ಅಂಥವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

2012ರ ‘ಅರ್ಥ್ 2’ ಕಾಮಿಕ್ಸ್‌ನಲ್ಲಿ ಇದೇ ಸ್ಟೆಪನ್‌ವುಲ್ಫ್ ವಂಡರ್ ವುಮನ್‌ಳನ್ನೇ ಕೊಲ್ಲುತ್ತಾನೆ. ಅಷ್ಟು ದೊಡ್ಡ ಕೊಲೆ. ಆದರೂ ನನ್ನಲ್ಲಿ ಉಳಿದವನು ಬೇಟೆಗೆ ಹೊರಟ ಆ ಹಳೆಯ ಮಾವನೇ.

ಇನ್ನು ಸಿನಿಮಾ. 2017ರ ‘ಜಸ್ಟೀಸ್ ಲೀಗ್’ನಲ್ಲಿ ಅವನು ಬರುತ್ತಾನೆ, ಗರ್ಜಿಸುತ್ತಾನೆ, ಸೋಲುತ್ತಾನೆ. 2021ರಲ್ಲಿ ನಿರ್ದೇಶಕ ಝ್ಯಾಕ್ ಸ್ನೈಡರ್ ಅದೇ ಚಿತ್ರದ ತನ್ನ ಆವೃತ್ತಿಯನ್ನು ಹೊರತಂದಾಗ ನಟ ಅವನೇ, ಕಿಯರನ್ ಹೈಂಡ್ಸ್. ಹುಡುಕುವುದೂ ಲೋಕವನ್ನೇ ಬದಲಿಸಬಲ್ಲ ಅದೇ ಮೂರು ಪೆಟ್ಟಿಗೆಗಳನ್ನು. ಆದರೆ ಒಂದು ದೃಶ್ಯದಲ್ಲಿ ಅವನು ಮಂಡಿಯೂರಿ ಡಾರ್ಕ್‌ಸೈಡ್‌ನ ಆಪ್ತ ಡಿಸಾಡ್‌ನೊಂದಿಗೆ ಮಾತಾಡುತ್ತಾನೆ. ಹಿಂದೊಮ್ಮೆ ಒಡೆಯನಿಗೆ ದ್ರೋಹ ಮಾಡಿದ್ದಕ್ಕೆ ದಂಡ ತೆರುತ್ತಿದ್ದಾನೆ. ಮನೆಗೆ ಮರಳಬೇಕೆಂಬ ಆಸೆ. ಇನ್ನೂ ಐವತ್ತು ಸಾವಿರ ಲೋಕಗಳ ಬಾಕಿ ಇದೆ, ಅದು ತೀರಿದ ಮೇಲೆ ನಿನ್ನ ಅಹವಾಲು ಎಂಬ ಉತ್ತರ ಬರುತ್ತದೆ. ಐವತ್ತು ಸಾವಿರ ಎಂಬುದು ಬರೀ ಅಂಕಿ, ನಿನ್ನ ಹನ್ನೆರಡು ಗ್ಯಾಲಕ್ಸಿಗಳ ಹಾಗೆ. ಕೆಲಸ ಮಾಡಿದ್ದು ‘ಬಾಕಿ’ ಎಂಬ ಪದ. ಒಡೆಯನೊಂದಿಗೆ ನೇರವಾಗಿ ಮಾತಾಡುವ ಯೋಗ್ಯತೆಯೂ ಅವನಿಗಿಲ್ಲ, ನಡುವೆ ಒಬ್ಬ ದಲ್ಲಾಳಿ. ಚಿತ್ರ ನಾಲ್ಕು ಗಂಟೆಯದು, ನನ್ನನ್ನು ಕೇಳಿದ್ದರೆ ಒಂದು ಗಂಟೆಯಷ್ಟನ್ನು ಕತ್ತರಿಸುತ್ತಿದ್ದೆ. ಈ ದೃಶ್ಯವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೊನೆಗೆ ಅವನ ಕಡಿದ ತಲೆ ಡಾರ್ಕ್‌ಸೈಡ್‌ನ ಕಾಲ ಬಳಿ ಬಂದು ಬೀಳುತ್ತದೆ. ಒಡೆಯ ಅದನ್ನು ಮೆಟ್ಟಿ ಜಜ್ಜುತ್ತಾನೆ, ನೌಕಾಪಡೆಯನ್ನು ಸಜ್ಜುಗೊಳಿಸಲು ಹೇಳುತ್ತಾನೆ. ಅಂತೂ ಮನೆಗೆ ಮರಳಿದ.

ಈಗ ನಿನ್ನವನ ವಿಷಯ. ಅವನ ಮೇಲೊಬ್ಬ ಚಕ್ರವರ್ತಿ ಇದ್ದಾನೆಂದು ಎರಡು ಕಡೆ ಬರೆದಿದ್ದೀಯೆ, ಆದರೆ ಇಬ್ಬರನ್ನೂ ಒಮ್ಮೆಯೂ ಮಾತಿಗೆ ಕೂರಿಸಿಲ್ಲ. ಮೂರನೇ ಅಧ್ಯಾಯದಲ್ಲಿ ದಂಡನಾಯಕ ನಲವತ್ತು ನೌಕೆಗಳನ್ನು ಕಳೆದುಕೊಳ್ಳುತ್ತಾನೆ. ಮರುಪುಟದಲ್ಲೇ ಮತ್ತೆ ಯುದ್ಧಕ್ಕೆ ಹೊರಟಿದ್ದಾನೆ. ಆ ರಾತ್ರಿ ಮೇಲಕ್ಕೆ ವರದಿ ಕಳುಹಿಸಬೇಕಲ್ಲ? ನಲವತ್ತು ಎಂದೇ ಬರೆಯುತ್ತಾನೋ, ಹದಿನಾಲ್ಕು ಎಂದು ಬರೆಯುತ್ತಾನೋ? ಬರೆದುಕೊಳ್ಳುವ ಗುಮಾಸ್ತ ತಲೆಯೆತ್ತಿ ನೋಡುತ್ತಾನೋ ಇಲ್ಲವೋ?

ಆ ರಾತ್ರಿಯನ್ನು ಬರೆದು ಕಳುಹಿಸು. ಎರಡು ಪುಟ ಸಾಕು. ಕೊಡಲಿಯನ್ನು ಗೋಡೆಗೆ ಒರಗಿಸಿಟ್ಟಿರಲಿ.

ಇಂತಿ ನಿನ್ನ,
ಹಿರಿಯ ಗೆಳೆಯ