ಸೊಂಟದ ಸುತ್ತಳತೆ ನೋಡುವವರು ಕಣ್ಣಿನ ಒತ್ತಡವನ್ನೂ ನೋಡಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಶುಗರ್, ಬಿಪಿ, ಬೊಜ್ಜು ಎಂದು ಸರ್ಕಾರಿ ಕ್ಲಿನಿಕ್‌ಗಳಿಗೆ ಬರುವ ವಯಸ್ಕರ ತಪಾಸಣೆ ಚೀಟಿಗೆ ಒಂದು ಸಾಲು ಸೇರಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಸಾಲು ಕಣ್ಣಿನೊಳಗಿನ ಒತ್ತಡದ್ದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಹೊಸ ಯೋಜನೆ, ಅದಕ್ಕೊಂದು ಹೆಸರು, ಉದ್ಘಾಟನೆ, ಯಾವುದೂ ಬೇಕಿಲ್ಲ.

ನಾನು ಇಂಥ ಕ್ಲಿನಿಕ್ಕಿನ ಹಳೇ ಗಿರಾಕಿ. ಹೋದಾಗಲೆಲ್ಲ ತೂಕ ನೋಡುತ್ತಾರೆ, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ, ರಕ್ತ ತೆಗೆಯುತ್ತಾರೆ. ಕಣ್ಣಿನ ಒತ್ತಡದ ಮಾತು ಒಮ್ಮೆಯೂ ಬಂದಿರಲಿಲ್ಲ. ಕನ್ನಡಕದ ನಂಬರ್ ನೋಡಿಸಲು ಬೇರೆ ಕಡೆ ಹೋದಾಗ ಅಲ್ಲಿನವರು ಅಳೆದರು. ಎರಡೂ ಕಣ್ಣಲ್ಲಿ ಜಾಸ್ತಿ ಇತ್ತು. ‘ಶುಗರ್ ನೋಡೋ ಡಾಕ್ಟರು ಏನೂ ಹೇಳಿಲ್ವಾ?’ ಎಂದು ಕೇಳಿದರು. ಡಾಕ್ಟರನ್ನು ದೂರಿ ಏನು ಬಂತು? ಅವರ ಮುಂದಿರುವ ಚೀಟಿಯಲ್ಲಿ ಆ ಪ್ರಶ್ನೆಯೇ ಇಲ್ಲ.

ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ಒಂದು ದ್ರವ ಸದಾ ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ, ಒಳಗೇ ಹರಿದಾಡುವ ದ್ರವ. ಹುಟ್ಟಿದಷ್ಟೂ ಹೊರಗೆ ಹೋಗಬೇಕು. ಕಾರ್ನಿಯಾ (ಕಣ್ಣಿನ ಮುಂದಿರುವ ಪಾರದರ್ಶಕ ಪದರ) ಮತ್ತು ಕಣ್ಣಿನ ಬಣ್ಣದ ಪರದೆ ಕೂಡುವ ಮೂಲೆಯಲ್ಲಿ ಜರಡಿಯಂಥ ಅಂಗಾಂಶವಿದೆ. ದ್ರವ ಅದರ ಮೂಲಕ ಇಳಿದು ಸಣ್ಣ ರಕ್ತನಾಳಗಳನ್ನು ಸೇರುತ್ತದೆ. ಹುಟ್ಟುವುದು ಹೆಚ್ಚಾದರೆ, ಇಲ್ಲವೇ ಹೋಗುವ ದಾರಿ ಬಿಗಿದರೆ, ಒತ್ತಡ ಏರುತ್ತದೆ. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದ ಒಳಗಿರುತ್ತದೆ. ಬಹಳ ಕಾಲ ಜಾಸ್ತಿಯೇ ಇದ್ದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಹಾಳಾಗುವ ಅಪಾಯವಿದೆ. ಆ ನರ ಹಾಳಾಗುವ ಕಾಯಿಲೆಯೇ ಗ್ಲಾಕೋಮಾ. ಅದರ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಅಂಚಿನ ನೋಟ ಮೊದಲು ಹೋಗುತ್ತದೆ, ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತಿರುತ್ತದೆ. ಹೀಗಾಗಿ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. 2013ರಲ್ಲಿ 40ರಿಂದ 80 ವಯಸ್ಸಿನವರಲ್ಲಿ ಜಗತ್ತಿನಾದ್ಯಂತ ಸುಮಾರು 6.4 ಕೋಟಿ ಜನರಿಗೆ ಗ್ಲಾಕೋಮಾ ಇತ್ತು, 2040ಕ್ಕೆ ಇದು 11 ಕೋಟಿ ದಾಟಬಹುದು ಎಂದು ಒಂದು ಹೆಸರಾಂತ ಅಂದಾಜು ಹೇಳುತ್ತದೆ.

ಇದಕ್ಕೂ ಸೊಂಟದ ಸುತ್ತಳತೆಗೂ ಏನು ಸಂಬಂಧ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಡಾಕ್ಟರುಗಳು ಮೆಟಬಾಲಿಕ್ ಸಿಂಡ್ರೋಮ್ ಎಂದು ಕರೆಯುವುದನ್ನೇ ನೋಡಿ. 2009ರಲ್ಲಿ ಹಲವು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಅದಕ್ಕೆ ಒಂದೇ ಅಳತೆಗೋಲು ಒಪ್ಪಿಕೊಂಡವು. ದಪ್ಪ ಸೊಂಟ, 150 ಅಥವಾ ಅದಕ್ಕಿಂತ ಹೆಚ್ಚಿನ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇರುವ ಒಳ್ಳೆಯ ಕೊಲೆಸ್ಟ್ರಾಲ್, 130/85 ಅಥವಾ ಅದಕ್ಕಿಂತ ಮೇಲಿನ ಬಿಪಿ, ಖಾಲಿ ಹೊಟ್ಟೆಯಲ್ಲಿ 100 ಅಥವಾ ಅದಕ್ಕಿಂತ ಮೇಲಿನ ಶುಗರ್. ಐದರಲ್ಲಿ ಮೂರು ಇದ್ದರೆ ಸಿಂಡ್ರೋಮ್ ಇದೆ ಎಂದೇ ಲೆಕ್ಕ. ಜಪಾನ್, ಕೊರಿಯಾದಂಥ ದೇಶಗಳಲ್ಲಿ ಆರೋಗ್ಯ ತಪಾಸಣೆಗೆ ಬಂದ ಸಾವಿರಾರು ಜನರ ದಾಖಲೆ ಇಟ್ಟುಕೊಂಡು ನೋಡಿದ್ದಾರೆ. ಇವುಗಳಲ್ಲಿ ಎಷ್ಟು ಜಾಸ್ತಿ ಕೂಡಿಕೊಂಡಿವೆಯೋ, ಕಣ್ಣಿನ ಸರಾಸರಿ ಒತ್ತಡವೂ ಅಷ್ಟು ಮೇಲಿದೆ.

ಯಾಕೆ ಹೀಗೆ? ಎಲ್ಲವೂ ಇತ್ಯರ್ಥವಾಗಿಲ್ಲ, ಆದರೆ ಡಾಕ್ಟರುಗಳು ಕೊಡುವ ಕಾರಣಗಳು ಅರ್ಥವಾಗುವಂಥವೇ. ಬೊಜ್ಜು ಹೊಟ್ಟೆಯಲ್ಲಷ್ಟೇ ಸೇರುವುದಿಲ್ಲ, ಕಣ್ಣುಗುಡ್ಡೆಯ ಹಿಂದಿನ ಗೂಡಿನಲ್ಲೂ ಸೇರುತ್ತದೆ. ಅಲ್ಲಿನ ರಕ್ತನಾಳಗಳ ಮೇಲೆ ಒತ್ತಡ ಬಿದ್ದರೆ ದ್ರವ ಇಳಿದು ಹೋಗುವುದು ಕಷ್ಟ. ಬಿಪಿ ಏರಿದಾಗ ದ್ರವ ಹುಟ್ಟುವ ಜಾಗಕ್ಕೆ ರಕ್ತ ಜೋರಾಗಿ ನುಗ್ಗುತ್ತದೆ, ದ್ರವವೂ ಸ್ವಲ್ಪ ಹೆಚ್ಚು ಹುಟ್ಟಬಹುದು. ಶುಗರ್ ಬಹಳ ಕಾಲ ಜಾಸ್ತಿ ಇದ್ದರೆ ಆ ಜರಡಿಯ ಎಳೆಗಳ ನಡುವೆ ಪ್ರೋಟೀನ್ ಸೇರಿಕೊಂಡು ದಾರಿ ಬಿಗಿಯಬಹುದು. ಇನ್ನೊಂದು ವಿಷಯ ನನಗೆ ವಿಚಿತ್ರವೆನಿಸಿತು. ಸ್ಟೀರಾಯ್ಡ್ ಔಷಧಿಗಳು ತೂಕ, ಬಿಪಿ, ಶುಗರ್ ಎಲ್ಲವನ್ನೂ ಏರಿಸಬಲ್ಲವು, ಕೆಲವರಲ್ಲಿ ಕಣ್ಣಿನ ಒತ್ತಡವನ್ನೂ ಏರಿಸುತ್ತವೆ. ಡಾಕ್ಟರನ್ನು ಕೇಳದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಳ್ಳುವವರು ಎಲ್ಲ ಕಡೆ ಇದ್ದಾರೆ. ‘ಸ್ಟೀರಾಯ್ಡ್ ತಗೊಳ್ತೀರಾ?’ ಎಂಬ ಪ್ರಶ್ನೆಯೂ ಅದೇ ಚೀಟಿಯಲ್ಲಿರಲಿ.

ಇಷ್ಟು ಹೇಳಿದ ಮೇಲೆ ನನ್ನ ವಾದದ ಬಲ ಕಡಿಮೆ ಮಾಡುವ ಸಂಗತಿಯನ್ನೂ ಹೇಳಬೇಕು. ಈ ಏರಿಕೆ ಚಿಕ್ಕದು. ಮೇಲಿನ ಬಿಪಿ 10 ಪಾಯಿಂಟ್ ಏರಿದರೆ ಕಣ್ಣಿನ ಒತ್ತಡ ಸರಾಸರಿ ಕಾಲು ಮಿ.ಮೀ.ನಷ್ಟೇ ಏರುತ್ತದೆ. ದಪ್ಪಗಿದ್ದವರಿಗೆಲ್ಲ ಗ್ಲಾಕೋಮಾ ಬರುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಆದರೆ ಚಿಕ್ಕದು ಎಂದು ತಳ್ಳಿಹಾಕುವುದೂ ಸರಿಯಲ್ಲ. ಸ್ವೀಡನ್ನಿನ ಅರ್ಲಿ ಮ್ಯಾನಿಫೆಸ್ಟ್ ಗ್ಲಾಕೋಮಾ ಟ್ರಯಲ್‌ನಲ್ಲಿ, ಕಾಯಿಲೆ ಆಗಲೇ ಇದ್ದವರಲ್ಲಿ ಒತ್ತಡ 1 ಮಿ.ಮೀ. ಇಳಿದಂತೆಲ್ಲ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು 10 ಶೇಕಡಾ ಇಳಿಯಿತು. ಅಮೆರಿಕದ ಇನ್ನೊಂದು ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಅದರಲ್ಲಿದ್ದವರು ಒತ್ತಡ ಜಾಸ್ತಿ ಇದ್ದು ನರ ಇನ್ನೂ ಚೆನ್ನಾಗಿದ್ದವರು. ಒತ್ತಡ ಇಳಿಸುವ ಡ್ರಾಪ್ಸ್ ಹಾಕದವರಲ್ಲಿ 5 ವರ್ಷದಲ್ಲಿ 9.5 ಶೇಕಡಾ ಜನರಿಗೆ ಗ್ಲಾಕೋಮಾ ಶುರುವಾಯಿತು, ಹಾಕಿದವರಲ್ಲಿ 4.4 ಶೇಕಡಾ ಜನರಿಗೆ. ಬೇಗ ಸಿಕ್ಕರೆ ಮಾಡುವುದಕ್ಕೆ ಏನಾದರೂ ಇದೆ ಎಂದಾಯಿತು, ಅಲ್ವಾ?

ನಿಮ್ಮ ಸಲಹೆಗಾರರು ಇನ್ನೊಂದು ಕಾಗದ ತೋರಿಸುತ್ತಾರೆ, ಗೊತ್ತು. ಲಕ್ಷಣವಿಲ್ಲದ ಎಲ್ಲ ವಯಸ್ಕರಿಗೂ ಗ್ಲಾಕೋಮಾ ತಪಾಸಣೆ ಮಾಡಬೇಕು ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ತಪಾಸಣೆಗಳ ಬಗ್ಗೆ ಸಲಹೆ ಕೊಡುವ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2022ರಲ್ಲಿ ಹೇಳಿದೆ. ಅದನ್ನು ಒಪ್ಪುತ್ತೇನೆ. ಎಲ್ಲರನ್ನೂ ಸಾಲಾಗಿ ಕೂರಿಸಿ ಅಳೆಯಿರಿ ಎಂದು ನಾನು ಕೇಳುತ್ತಿಲ್ಲ. ಐದರಲ್ಲಿ ಮೂರು ಈಗಾಗಲೇ ಏರುಪೇರಾಗಿದ್ದು, 40 ದಾಟಿದವರು ಆಗಲೇ ನಿಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದಾರೆ. ಅವರನ್ನು ಅಳೆಯಿರಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯಾ ಎಂದು ಕೇಳಿ. ಇದೆ ಎಂದರೆ ಆ ರೋಗಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಲು ಇನ್ನೊಂದು ಕಾರಣ ಸಿಕ್ಕಿತು.

ಈಗ ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಶುಗರ್ ಇರುವವರ ಕಣ್ಣಿನ ಹಿಂಭಾಗದ ಫೋಟೋ ತೆಗೆಯುವ ವ್ಯವಸ್ಥೆ ಹಲವು ಕಡೆ ಇದೆ. ರೆಟಿನಾದಲ್ಲಿ, ಅಂದರೆ ಕಣ್ಣಿನ ಒಳ ಹಿಂಬದಿಯ ಪರದೆಯಲ್ಲಿ, ರಕ್ತ ಸೋರಿದೆಯಾ ಎಂದು ನೋಡುವುದಕ್ಕೆ ಅದು. ಅದೇ ಫೋಟೋದಲ್ಲಿ ಕಣ್ಣಿನ ನರದ ತಲೆಯೂ ಕಾಣುತ್ತದೆ. ದುಂಡಗಿನ ತೆಳುಬಣ್ಣದ ಬಿಲ್ಲೆ, ಅದರ ನಡುವೆ ಒಂದು ಕುಳಿ. ಕುಳಿ ದೊಡ್ಡದಾಗುತ್ತಾ ಸುತ್ತಲಿನ ಅಂಚು ತೆಳುವಾಗುತ್ತಿದ್ದರೆ ಗ್ಲಾಕೋಮಾದ ಅನುಮಾನ ಪಡಬೇಕು. ಆದರೆ ಆ ಫೋಟೋ ನೋಡುವವರಿಗೆ ಕೊಟ್ಟಿರುವ ಕೆಲಸ ರೆಟಿನಾದ್ದು ಮಾತ್ರವಾದರೆ, ವರದಿಯಲ್ಲಿ ನರದ ಬಗ್ಗೆ ಒಂದು ಮಾತೂ ಇರುವುದಿಲ್ಲ. ರೋಗಿ ‘ಕಣ್ಣು ನಾರ್ಮಲ್’ ಎಂದುಕೊಂಡು ಮನೆಗೆ ಹೋಗುತ್ತಾನೆ. ಫೋಟೋ ಇದೆ, ನೋಡಬಲ್ಲವರು ಇದ್ದಾರೆ, ವರದಿಯಲ್ಲಿ ಜಾಗ ಇಲ್ಲ! ಇದನ್ನು ಸರಿಪಡಿಸಲು ಒಂದು ಸುತ್ತೋಲೆ ಸಾಕು.

ನರವನ್ನು ನೋಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒತ್ತಡದ ಅಂಕಿ ಒಂದನ್ನೇ ನಂಬಿ ಕೂತರೆ ಮೋಸಹೋಗುತ್ತೇವೆ. ಜಪಾನಿನ ತಾಜಿಮಿ ಊರಿನ ಸಮೀಕ್ಷೆಯಲ್ಲಿ ಸಾಮಾನ್ಯ ಬಗೆಯ ಗ್ಲಾಕೋಮಾ ಇದ್ದವರಲ್ಲಿ 92 ಶೇಕಡಾ ಜನರ ಒತ್ತಡ 21 ಅಥವಾ ಅದಕ್ಕಿಂತ ಕೆಳಗಿತ್ತು. ಅಳತೆಯಲ್ಲೂ ತೊಡಕಿದೆ. ಕಾರ್ನಿಯಾ ದಪ್ಪಗಿದ್ದರೆ ಅಂಕಿ ಇರುವುದಕ್ಕಿಂತ ಜಾಸ್ತಿ ತೋರುತ್ತದೆ, ತೆಳುವಾಗಿದ್ದರೆ ಕಡಿಮೆ ತೋರುತ್ತದೆ. ಶುಗರ್ ಇರುವವರಲ್ಲಿ ಕಾರ್ನಿಯಾ ಸ್ವಲ್ಪ ಬಿಗಿಯಾಗಿರುವುದೂ ಉಂಟು. ಹಾಗಾಗಿ ಕ್ಲಿನಿಕ್‌ನಲ್ಲಿ ಕೈಯಲ್ಲಿ ಹಿಡಿಯುವ ಟೋನೋಮೀಟರ್‌ನಿಂದ (ಕಣ್ಣಿನ ಒತ್ತಡ ಅಳೆಯುವ ಸಾಧನ) ನರ್ಸ್ ಅಳೆಯಲಿ. ಇಂಥವುಗಳಲ್ಲಿ ಮರಗಟ್ಟಿಸುವ ಡ್ರಾಪ್ಸ್ ಕೂಡ ಬೇಡದ ಬಗೆ ಇದೆ. ಜಾಸ್ತಿ ಬಂದವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ. ಅಲ್ಲಿ ಗೋಲ್ಡ್‌ಮನ್ ಟೋನೋಮೀಟರ್‌ನಿಂದ ಮತ್ತೆ ಅಳೆದು, ಕಾರ್ನಿಯಾದ ದಪ್ಪ ನೋಡಿ, ಆಮೇಲೆ ತೀರ್ಮಾನವಾಗಲಿ.

ಕಣ್ಣಿನ ಡಾಕ್ಟರಿಂದ ಈ ಕಡೆಗೂ ಮಾತು ವಾಪಸ್ ಬರಬೇಕು. ಗ್ಲಾಕೋಮಾ ಇರುವವರ ಬಿಪಿಯನ್ನು ರಾತ್ರಿ ಹೊತ್ತು ತೀರಾ ಇಳಿಸಿದರೆ ನರಕ್ಕೆ ರಕ್ತ ಸಾಲದೆ ಹೋಗಬಹುದು. ಬಿಪಿ ಮಾತ್ರೆ ಬರೆಯುವವರಿಗೆ ರೋಗಿಯ ಕಣ್ಣಿನ ಸ್ಥಿತಿ ಗೊತ್ತಿದ್ದರೆ ಮಾತ್ರೆಯ ಹೊತ್ತನ್ನು ಯೋಚಿಸಿ ಹೇಳುತ್ತಾರೆ. ಈಗ ಎರಡು ಕೋಣೆಗಳ ನಡುವೆ ಚೀಟಿ ಹೊತ್ತು ಓಡಾಡುವುದು ರೋಗಿಯ ಕೆಲಸವಾಗಿದೆ. ಯಾವುದನ್ನು ಯಾರಿಗೆ ತೋರಿಸಬೇಕು ಎಂಬುದೇ ಅವನಿಗೆ ತಿಳಿದಿರುವುದಿಲ್ಲ.

ತೂಕ ಇಳಿಸಿದರೆ ಡ್ರಾಪ್ಸ್ ಬಿಡಬಹುದು ಎಂಬ ಪೋಸ್ಟರ್ ಮಾತ್ರ ದಯವಿಟ್ಟು ಅಂಟಿಸಬೇಡಿ. ನಡಿಗೆ, ವ್ಯಾಯಾಮದಿಂದ ಕಣ್ಣಿನ ಒತ್ತಡ ಸ್ವಲ್ಪ ಇಳಿಯುತ್ತದೆ, ನಿಜ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲೂ ಒತ್ತಡ ಇಳಿದದ್ದನ್ನು ಕಂಡಿದ್ದಾರೆ. ಆದರೆ ಡಾಕ್ಟರು ಬರೆದ ಡ್ರಾಪ್ಸ್ ಹಾಕಲೇಬೇಕು.

ಮೊದಲು ಕೆಲವೇ ಕ್ಲಿನಿಕ್‌ಗಳಲ್ಲಿ ಒಂದು ವರ್ಷ ಮಾಡಿ ನೋಡಿ. ಎಷ್ಟು ಜನರನ್ನು ಅಳೆದಿರಿ, ಎಷ್ಟು ಜನರನ್ನು ಕಳಿಸಿದಿರಿ, ಅವರಲ್ಲಿ ಎಷ್ಟು ಜನ ನಿಜಕ್ಕೂ ಕಣ್ಣಿನ ಡಾಕ್ಟರ ಹತ್ತಿರ ಹೋದರು, ಎಷ್ಟು ಜನರಿಗೆ ಕಾಯಿಲೆ ಸಿಕ್ಕಿತು, ಎಷ್ಟು ಜನರನ್ನು ಸುಮ್ನೆ ಹೆದರಿಸಿದಂತಾಯಿತು, ಎಲ್ಲವನ್ನೂ ಪ್ರಕಟಿಸಿ. ಲೆಕ್ಕ ನೋಡಿ ಪ್ರಯೋಜನವಿಲ್ಲ ಅನಿಸಿದರೆ ನಿಲ್ಲಿಸಿ, ನಾನು ತಕರಾರು ತೆಗೆಯುವುದಿಲ್ಲ. ಫೋಟೋ ವರದಿಯಲ್ಲಿ ನರದ ಬಗ್ಗೆ ಒಂದು ಸಾಲು ಬರೆಸುವುದಕ್ಕೆ ಮಾತ್ರ ಆ ಒಂದು ವರ್ಷ ಕಾಯಬೇಕಿಲ್ಲ. ಅದನ್ನು ಈ ತಿಂಗಳೇ ಮಾಡಬಹುದು.

ಇಂತಿ,
ನಿಮ್ಮ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂರುವ ಒಬ್ಬ ಮತದಾರ